ತಿಂಗಳು ತುಂಬಲಿ ಎನ್ನುವ ಎಸುಮಾನ್ ಮಾವ

ಎಸುಮಾನ್ ಮಾವ ಎಡಕ್ಕೆ ವಾಲಿಕೊಂಡು ನಡೆಯುತ್ತಾರೆ. ಹುಟ್ಟಿನಿಂದ ಬಂದ ಊನವಲ್ಲ, ಬಿದ್ದು ಆದ ಗಾಯವೂ ಅಲ್ಲ. ಅವರ ನಡಿಗೆಯನ್ನು ಹೀಗೆ ಬಾಗಿಸಿದ್ದು ದೇಶದ ಕೇಂದ್ರ ಬ್ಯಾಂಕು ಎಂದರೆ ಹೊಸಬರು ನಗುತ್ತಾರೆ, ಆದರೆ ಬಂದರು ಊರಾದ ಟಕೊರಾಡಿಯ ನಮ್ಮ ಮಾರುಕಟ್ಟೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಿಂದೊಮ್ಮೆ ಸೆಡಿ ನೋಟಿನ ಮೇಲಿದ್ದ ನಾಲ್ಕು ಸೊನ್ನೆಗಳನ್ನು ಒಂದೇ ಏಟಿಗೆ ಅಳಿಸಿಹಾಕಿ, ಅಲ್ಲಿಯತನಕ ಮಕ್ಕಳ ಆಟಕ್ಕೂ ಬೇಡವಾಗಿದ್ದ ನಾಣ್ಯಗಳಿಗೆ ಮತ್ತೆ ಜೀವ ಕೊಟ್ಟರಲ್ಲ, ಆಗ ಶುರುವಾದದ್ದು ಇದು. ಅದುವರೆಗೆ ನೋಟಿನ ಕಂತೆಗಳನ್ನು ಹೊತ್ತು ನೆಟ್ಟಗೆ ನಡೆಯುತ್ತಿದ್ದ ಮನುಷ್ಯನ ಎಡಜೇಬಿಗೆ ದಿನವೂ ಸೇರುಗಟ್ಟಲೆ ಲೋಹ ಬಂದು ಬೀಳತೊಡಗಿತು. ಹೆಗಲು ಮೊದಲು ವಾಲಿತು, ಆಮೇಲೆ ಸೊಂಟ, ಕಡೆಗೆ ಇಡೀ ಆಸಾಮಿ. ಈಗ ಭಾನುವಾರ ಬೆಳಗ್ಗೆ ಖಾಲಿ ಜೇಬಿನಲ್ಲಿ ಚರ್ಚಿಗೆ ಬಂದರೂ ಅವರು ಎಡಕ್ಕೇ ವಾಲಿರುತ್ತಾರೆ, ಹಾಗಾಗಿ ಎಡಗಡೆಯ ಬೆಂಚಿನವರು ಸ್ವಲ್ಪ ಜಾಗ ಬಿಟ್ಟು ಕೂರುತ್ತಾರೆ.

ಆ ಜೇಬು ಇರುವುದು ಒಂದು ಖಾಕಿ ಕೋಟಿನಲ್ಲಿ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅವರ ತಂದೆಯ ಕೋಟು ಅದು. ಕಡಲ ಕಡೆಯಿಂದ ಬೀಸುವ ಬಿಸಿಗಾಳಿಗೆ ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿಕೊಂಡು ಉಸ್ಸೆನ್ನುವಾಗ ಅವರು ಮಾತ್ರ ಕೊರಳತನಕ ಗುಂಡಿ ಹಾಕಿಕೊಂಡು, ಹಣೆಯ ಬೆವರನ್ನು ಒರೆಸಲೂ ಕೈ ಬಿಡುವಿಲ್ಲದವರಂತೆ, ಅಂಗಡಿಯಿಂದ ಅಂಗಡಿಗೆ ಹೋಗುತ್ತಿರುತ್ತಾರೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ದಾರ, ಗುಂಡಿ, ಜಿಪ್ಪುಗಳ ಪುಟ್ಟ ಅಂಗಡಿ ಇಟ್ಟುಕೊಂಡವನು ನಾನು. ಆ ಕೋಟಿಗೆ ನಾನು ಕೊಟ್ಟಷ್ಟು ಗುಂಡಿಗಳನ್ನು ನನ್ನ ಮಕ್ಕಳ ಅಂಗಿಗಳಿಗೆ ಕೊಟ್ಟಿಲ್ಲ. ಬಣ್ಣ ಹೊಂದದ ಗುಂಡಿ ಕೊಟ್ಟರೂ ಅವರು ಬೇಸರಪಡುವುದಿಲ್ಲ. ಗಟ್ಟಿಯಾಗಿದೆಯೇ ಎಂದು ಎಳೆದು ನೋಡುತ್ತಾರೆ, ಅಷ್ಟೆ.

ಅವರ ಕಸುಬು ಸುಸು. ಮಾರುಕಟ್ಟೆಯ ಹೆಂಗಸರು ದಿನಕ್ಕೆ ಇಷ್ಟೆಂದು ತಾವೇ ಗೊತ್ತುಮಾಡಿಕೊಂಡ ಹಣವನ್ನು ಅವರ ಕೈಗೆ ಹಾಕುತ್ತಾರೆ, ಅವರು ಪ್ರತಿಯೊಬ್ಬರ ಚೀಟಿಯಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಾರೆ, ತಿಂಗಳ ಕೊನೆಗೆ ಗಂಟನ್ನು ಹಾಗೇ ತಂದು ಅವರವರ ಮಡಿಲಿಗೆ ಹಾಕುತ್ತಾರೆ. ಮೊದಲ ದಿನದ ಕಂತು ಅವರ ಕೂಲಿ. ಬಡ್ಡಿಯ ಮಾತೇ ಇಲ್ಲ. ಈ ಏರ್ಪಾಡಿನ ವಿಚಿತ್ರವನ್ನು ನನಗೆ ಮೊದಲು ತೋರಿಸಿಕೊಟ್ಟವಳು ಟೊಮೆಟೊ ಮಾರುವ ಎಫುವಾ ಅಮ್ಮ. ಆಕೆ ನಮ್ಮ ಟೊಮೆಟೊ ಸಾಲಿನ ಯಜಮಾನಿ, ಮಾವನಿಗಿಂತ ಹಿರಿಯಳು, ನಾಲಿಗೆಗೆ ಲಗಾಮು ಇಲ್ಲದವಳು.

ಒಂದು ಬೆಳಗ್ಗೆ ರೇಡಿಯೋದಲ್ಲಿ ಕೇಂದ್ರ ಬ್ಯಾಂಕಿನವರು ಬಡ್ಡಿದರವನ್ನು ಮತ್ತೆ ಏರಿಸಿದ ಸುದ್ದಿ ಬಂದಿತ್ತು. ಬೆಲೆಗಳ ಮೂಗಿಗೆ ದಾರ ಹಾಕಲು ಅವರು ಏರಿಸುತ್ತಾರೆ, ಬೆಲೆಗಳು ಕೇಳಿಸಿಕೊಳ್ಳದವರಂತೆ ತಮ್ಮ ಪಾಡಿಗೆ ತಾವು ಏರುತ್ತವೆ, ಇದು ನಮಗೆ ಹೊಸದಲ್ಲ. ಎಫುವಾ ಅಮ್ಮ ಟೊಮೆಟೊ ಬುಟ್ಟಿಯ ಹಿಂದಿನಿಂದಲೇ ಕೂಗಿದಳು.

"ಏ ಎಸುಮಾನ್, ಬಡ್ಡಿ ಜಾಸ್ತಿ ಮಾಡಿದ್ರಂತೆ. ನನ್ನ ದುಡ್ಡಿಗೆ ಎಷ್ಟು ಬಂತು?"

"ನಿನ್ನ ದುಡ್ಡಿಗೆ ನಾನೇ ಬಂದಿದ್ದೀನಲ್ಲಕ್ಕ."

"ಎಲ್ಲಾ ಕಡೆ ದುಡ್ಡು ಇಟ್ಟೋರಿಗೆ ಬಡ್ಡಿ ಕೊಡ್ತಾರೆ. ನೀನೊಬ್ಬನೇ ನಮ್ಮ ಹತ್ರ ಕಿತ್ಕೊಂಡು ಹೋಗೋನು!"

"ಹಾಗಾದ್ರೆ ಬ್ಯಾಂಕಿಗೇ ಹೋಗು."

"ಹೋಗ್ತಿದ್ದೆ ಕಣೋ. ಅಲ್ಲಿ ಕೇಳಿದ ತಕ್ಷಣ ವಾಪಸ್ ಕೊಟ್ಟುಬಿಡ್ತಾರೆ!"

ಸುತ್ತಲಿನವರೆಲ್ಲ ನಕ್ಕರು, ಮಾವನೂ ನಕ್ಕರು, ಎಫುವಾ ಅಮ್ಮ ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿ ಆ ದಿನದ ಕಂತು ಕೊಟ್ಟಳು.

ಹಣ ಒಟ್ಟುಮಾಡುವುದರಲ್ಲಿ ಏನು ಮಹಾ, ಯಾರು ಬೇಕಾದರೂ ಮಾಡಬಹುದು; ತಿಂಗಳು ತುಂಬುವ ಮುಂಚೆ ಅದನ್ನು ಹಿಂದಕ್ಕೆ ಕೊಡದಿರುವುದೇ ಮಾವನ ನಿಜವಾದ ವಿದ್ಯೆ. ಯಾರಾದರೂ ನಡುವೆ ಹಣ ಕೇಳಿದರೆ ಅವರು ಮೊದಲು ಕೇಳುವುದು, "ಕಾಯಿಲೆಯೇ?" ಎಂದು. ಹೌದೆಂದರೆ ಮುಂದಿನ ಪ್ರಶ್ನೆಯಿಲ್ಲ. ಹಣವನ್ನೂ ಕೊಟ್ಟು, ಟ್ಯಾಕ್ಸಿಯನ್ನೂ ಕರೆದು, ಆಸ್ಪತ್ರೆಯ ಸಾಲಿನಲ್ಲಿ ತಾವೇ ಹೋಗಿ ನಿಲ್ಲುತ್ತಾರೆ. ಅಲ್ಲವೆಂದರೆ, ಅಂದರೆ ಯಾರದೋ ತಿಥಿಗೆ ಹೊಸ ಬಟ್ಟೆ ಬೇಕೆಂದೋ, ತಮ್ಮ ಹೊಸ ಮೊಬೈಲಿಗೆ ಗೋಗರೆಯುತ್ತಿದ್ದಾನೆಂದೋ ಆದರೆ, ಮಾವ ಇಲ್ಲವೆಂದು ಹೇಳುವುದಿಲ್ಲ. ಪಕ್ಕದಲ್ಲಿ ಬಿದ್ದಿರುವ ಯಾವುದಾದರೂ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ, ಬಲಜೇಬಿನಿಂದ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ, ಮೆಕ್ಕೆಜೋಳದ ಹುಳಿಹಿಟ್ಟಿನ ಕೆಂಕಿಯ ಉಂಡೆ ತೆಗೆಯುತ್ತಾರೆ, ಎಲೆಯನ್ನು ಒಂದೊಂದೇ ಪದರವಾಗಿ ಬಿಡಿಸುತ್ತಾರೆ, ಖಾರದ ಚಟ್ನಿಯಲ್ಲಿ ಅದ್ದಿ ಅದ್ದಿ ನಿಧಾನವಾಗಿ ತಿನ್ನುತ್ತಾರೆ. ತಿಂದು ಮುಗಿಸಿ ಕೈತೊಳೆದು "ತಿಂಗಳು ತುಂಬಲಿ" ಎಂದು ಎದ್ದು ಹೋಗುತ್ತಾರೆ. ಅಷ್ಟರಲ್ಲಿ ಕೇಳಿದವಳ ಆಸೆಯೂ ಆರಿರುತ್ತದೆ, ಇಲ್ಲವೇ ಕೋಪ ಬಂದು ಆಸೆ ಮರೆತಿರುತ್ತದೆ. ಮಾರುಕಟ್ಟೆಯಲ್ಲಿ ಬೇರೆ ಯಾವ ಹೊತ್ತಿನಲ್ಲೂ ಅವರು ಕುಳಿತಿದ್ದನ್ನು ಕಂಡವರಿಲ್ಲವಾದ್ದರಿಂದ, ಮಾವ ಯಾವುದೇ ಅಂಗಡಿಯ ಮುಂದೆ ಪೆಟ್ಟಿಗೆ ಬೋರಲು ಹಾಕಿದರೆ ಇಡೀ ಸಾಲಿಗೆ ಗೊತ್ತಾಗುತ್ತದೆ, ಅಲ್ಲಿ ಯಾರೋ ದುಡ್ಡು ಕೇಳಿದ್ದಾರೆ ಎಂದು. ಎಲ್ಲರ ಬಾಯಲ್ಲೂ ಅವರು ಮಾವ ಆದದ್ದು ಹೀಗೆಯೇ ಇರಬೇಕು. ನಮ್ಮ ಫಾಂಟೆ ಜನರ ಮನೆಗಳಲ್ಲಿ ತಾಯಿಯ ತಮ್ಮನಿಗೆ ಗದರಿಸುವ ಹಕ್ಕು ಸ್ವಲ್ಪ ಹೆಚ್ಚು.

ಇಂಥ ನೆಮ್ಮದಿಯ ಬದುಕಿಗೆ ಕಲ್ಲು ಬಿದ್ದದ್ದು ಅವರ ತಪ್ಪಿನಿಂದಲ್ಲ. ಬಡ್ಡಿದರ ಏರುತ್ತಿದ್ದ ಆ ದಿನಗಳಲ್ಲಿ ಮಾರುಕಟ್ಟೆಯ ಬಾಗಿಲಿಗೇ ಬಣ್ಣದ ಕೊಡೆ ನೆಟ್ಟು, ಟೈ ಕಟ್ಟಿದ ಹುಡುಗರನ್ನು ನಿಲ್ಲಿಸಿ, ಧ್ವನಿವರ್ಧಕದಲ್ಲಿ ಎಲ್ಲೂ ಇಲ್ಲದ ಬಡ್ಡಿಯನ್ನು ಕೂಗಿ ಹಂಚುತ್ತಿದ್ದ ಒಂದು ಉಳಿತಾಯ ಕಂಪನಿಗೆ ಒಂದು ಸೋಮವಾರ ಬೀಗ ಬಿತ್ತು. ಕೊಡೆ ಮಾತ್ರ ಅಲ್ಲೇ ಉಳಿಯಿತು. ಆ ಕಂಪನಿಯಲ್ಲಿ ಹಣವಿಟ್ಟಿದ್ದ ಹೆಂಗಸರ ಗೋಳನ್ನು ನಾನು ಕಣ್ಣಾರೆ ಕಂಡವನಾದ್ದರಿಂದ, ಆಮೇಲೆ ಬಂದ ಹೊಸ ನಿಯಮಗಳನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಇನ್ನು ಮುಂದೆ ಜನರ ಹಣ ಮುಟ್ಟುವವರಿಗೆಲ್ಲ, ಬೀದಿ ಸುತ್ತುವ ಸುಸುವಿನವರಿಗೂ, ಪರವಾನಗಿ ಬೇಕು. ಪರವಾನಗಿ ಬೇಕಾದರೆ ತಮ್ಮ ಸ್ವಂತ ಹಣವನ್ನು ಜಾಮೀನಾಗಿ ಇಡಬೇಕು. ಪ್ರತಿ ಕಂತನ್ನೂ ಕೈಯಲ್ಲಿ ಹಿಡಿಯುವ ಒಂದು ಯಂತ್ರಕ್ಕೆ ಒತ್ತಬೇಕು, ಒತ್ತಿದ ತಕ್ಷಣ ಒಟ್ಟು ಎಷ್ಟಾಯಿತೆಂದು ಗಿರಾಕಿಯ ಮೊಬೈಲಿಗೆ ಸಂದೇಶ ಹೋಗಬೇಕು. ಮತ್ತು ಗಿರಾಕಿ ಕೇಳಿದ ದಿನವೇ ಹಣ ಕೊಡಬೇಕು. ಈ ಕೊನೆಯದನ್ನು ನಾನು ಓದಿ ಹೇಳಿದಾಗ ಮಾವನ ಮುಖ ಸಣ್ಣದಾಯಿತು.

"ಕೇಳಿದ ದಿನವೇ ಕೊಡೋದಾದ್ರೆ ನನಗೆ ಕೂಲಿ ಯಾತಕ್ಕೆ ಮೇಷ್ಟ್ರೇ?"

ಆದರೂ ಅವರು ಹೋಗಿ ತಾತ್ಕಾಲಿಕ ಪರವಾನಗಿ ತಂದರು. ಯಂತ್ರವನ್ನು ಕೊರಳಿಗೆ ನೇತುಹಾಕಿಕೊಂಡು ಮೊದಲ ದಿನ ಬಂದಾಗ, ಅದು ಒಂದೊಂದು ಕಂತಿಗೂ ಕೀ ಕೀ ಎನ್ನುವುದನ್ನು ಕೇಳಿ ಎಫುವಾ ಅಮ್ಮ, "ಅಯ್ಯೋ, ನಮ್ಮ ಎಸುಮಾನನ ಕೊರಳಿಗೆ ಗಂಟೆ ಕಟ್ಟಿಬಿಟ್ರಲ್ಲೇ! ಇನ್ನು ಹೊಲಕ್ಕೆ ನುಗ್ಗಿದ್ರೂ ಗೊತ್ತಾಗುತ್ತೆ" ಎಂದಳು.

ಎಡವಟ್ಟು ಎಲ್ಲಿ ಆಗಲಿದೆ ಎಂಬುದು ಯಂತ್ರ ಮಾಡಿದವರಿಗೂ ಹೊಳೆದಿರಲಿಲ್ಲ, ನಿಯಮ ಬರೆದವರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆಯಲಿಲ್ಲ. ನಮ್ಮ ಮಾರುಕಟ್ಟೆಯ ಅರ್ಧಕ್ಕರ್ಧ ಹೆಂಗಸರ ಮೊಬೈಲ್ ನಂಬರು ಇರುವುದು ಗಂಡನ ಹೆಸರಿನಲ್ಲಿ, ಎಷ್ಟೋ ಸಲ ಮೊಬೈಲು ಇರುವುದೂ ಗಂಡನ ಜೇಬಿನಲ್ಲಿ. ಮೀನಿನ ಎಣ್ಣೆ, ಟೊಮೆಟೊ ರಸ ಮೆತ್ತಿದ ಕೈಯಲ್ಲಿ ಅದನ್ನು ಯಾರು ಹಿಡಿದುಕೊಂಡು ಕೂರುತ್ತಾರೆ? ಗಂಡಂದಿರ ಕಣ್ಣಿಗೆ ಬೀಳಬಾರದೆಂದೇ ಮಾವನ ಕೋಟಿನೊಳಗೆ ಅಡಗಿದ್ದ ಗುಟ್ಟುಗಳೆಲ್ಲ ಆ ದಿನ ಮಧ್ಯಾಹ್ನದೊಳಗೆ ಊರ ತುಂಬ ಕೀ ಕೀ ಎಂದವು. ಒಬ್ಬಳ ಗಂಡ ಅಂದು ಸಂಜೆ ತಾನೇ ಚಹಾ ಮಾಡಿ ತಂದುಕೊಟ್ಟನಂತೆ. ಇನ್ನೊಬ್ಬಳ ಮಗ ತಾಯಿಯ ಕಾಲು ಒತ್ತುತ್ತ ಮೋಟಾರ್ ಸೈಕಲ್ಲಿನ ಮಾತು ತೆಗೆದನಂತೆ. ನಗಬೇಕೋ ಅಳಬೇಕೋ ತಿಳಿಯದೆ ಮರುದಿನ ಅವರೆಲ್ಲ ಮಾವನನ್ನು ಸುತ್ತುವರಿದರು.

ಎಲ್ಲರಿಗಿಂತ ಕಷ್ಟಕ್ಕೆ ಸಿಕ್ಕವಳು ಹೊಗೆಮೀನು ಮಾರುವ ಅರಾಬಾ. ಆಕೆಗೆ ಒಂದು ಫ್ರೀಜರ್ ಕೊಳ್ಳುವ ಆಸೆ. ಹಸಿಮೀನು ಅಗ್ಗವಾದ ದಿನ ಕೊಂಡು ಕೆಡದಂತೆ ಇಟ್ಟುಕೊಂಡರೆ, ಬಂದರಿನಲ್ಲಿ ದೋಣಿ ಬಾರದ ದಿನವೂ ಒಲೆ ಉರಿಸಬಹುದು, ಹೊಗೆ ತಿಂದು ಕಣ್ಣು ಕೆಂಪಗಾದದ್ದಕ್ಕೆ ಒಂದಿಷ್ಟಾದರೂ ಫಲ ಸಿಗುತ್ತದೆ ಎಂದು ಅವಳ ಲೆಕ್ಕ. ತಿಂಗಳು ತಿಂಗಳೂ ಗಂಟನ್ನು ಬಿಚ್ಚದೆ ಮಾವನ ಬಳಿಯೇ ಮುಂದುವರಿಸಿ, ಈ ತಿಂಗಳು ತುಂಬಿದರೆ ಫ್ರೀಜರ್ ಬಂದೇಬಿಟ್ಟಿತು ಎನ್ನುವ ಹಂತಕ್ಕೆ ತಂದಿದ್ದಳು. ಅವಳ ಗಂಡ ಜೋಜೊ ಬೆಂಟಿಲ್ ಟ್ಯಾಕ್ಸಿ ಓಡಿಸುತ್ತಾನೆ. ಕೆಟ್ಟವನಲ್ಲ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಆದರೆ ನಾಲ್ಕು ಜನರ ಮುಂದೆ ದೊಡ್ಡವನಾಗಿ ಕಾಣುವ ಹುಚ್ಚು ಮಾತ್ರ ಬಿಟ್ಟಿಲ್ಲ. ಹೆಂಡತಿಯ ಹೆಸರಿನಲ್ಲಿ ಬಂದ ಸಂದೇಶವನ್ನು ಟ್ಯಾಕ್ಸಿ ನಿಲ್ಲಿಸಿ ಓದಿದ ಅವನಿಗೆ ಆಕಾಶ ಕೈಗೆ ಸಿಕ್ಕಿದಂತಾಯಿತು. ಅದೇ ವಾರ ಅವನ ದೊಡ್ಡ ಮಾವ, ತಾಯಿಯ ಅಣ್ಣ, ತೀರಿಕೊಂಡಿದ್ದರು; ನಮ್ಮಲ್ಲಿ ಸಮಾಧಿ ಆಗುವುದು ವಾರಗಟ್ಟಲೆ ಕಳೆದ ಮೇಲೆ. ಕಪ್ಪು ಕೆಂಪು ಬಟ್ಟೆ ಉಟ್ಟು ಮನೆತನದವರೆಲ್ಲ ಸೇರಿದ್ದಾಗ ಜೋಜೊ ಎದ್ದುನಿಂತು, ಸಮಾಧಿಯ ದಿನದ ಶಾಮಿಯಾನ, ಕುರ್ಚಿ, ಜೊತೆಗೆ ಪೂರಾ ವಾದ್ಯಗೋಷ್ಠಿಯ ಖರ್ಚು "ನನ್ನದು ಮತ್ತು ನನ್ನ ಅರಾಬಾಳದು" ಎಂದು ಘೋಷಿಸಿಬಿಟ್ಟ. ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅರಾಬಾ ಕೂಡ ಎಲ್ಲರೊಂದಿಗೆ ಚಪ್ಪಾಳೆ ತಟ್ಟಬೇಕಾಯಿತು.

ಸೋಮವಾರ ಗಂಡಹೆಂಡಿರು ಒಟ್ಟಿಗೆ ಬಂದು ಅರಾಬಾಳ ಅಂಗಡಿಯ ಮುಂದೆ ಮಾವನನ್ನು ನಿಲ್ಲಿಸಿದರು.

"ಮಾವ, ಅರಾಬಾ ದುಡ್ಡು ಕೊಟ್ಬಿಡಿ. ಬ್ಯಾಂಡಿನೋರಿಗೆ ಮುಂಗಡ ಕೊಡಬೇಕು," ಎಂದ ಜೋಜೊ.

ಮಾವ ಅರಾಬಾಳತ್ತ ತಿರುಗಿದರು. "ನೀನು ಕೇಳ್ತಿದ್ದೀಯೇನಮ್ಮಾ?"

"ಕೇಳ್ತಿದ್ದೀನಿ ಮಾವ. ಕೊಡಿ," ಎಂದಳು ಅರಾಬಾ, ಮೀನಿನ ತಟ್ಟೆಯ ಮೇಲಿನ ನೊಣ ಓಡಿಸುತ್ತ.

"ಕಾಯಿಲೆಯೇ?"

"ಇಲ್ಲ."

ಮಾವ ಅತ್ತಿತ್ತ ನೋಡಿ ಒಂದು ಪೆಟ್ಟಿಗೆಯನ್ನು ಎಳೆದು ಬೋರಲು ಹಾಕಿ ಕುಳಿತರು. ಬಾಳೆಲೆಯ ಪೊಟ್ಟಣ ಹೊರಬಂತು.

"ಇದೇನು, ಊಟಕ್ಕೆ ಕೂತ್ಬಿಟ್ರಾ? ಮಾವ, ಕಾನೂನು ಬಂದಿದೆ. ಕೇಳಿದ ದಿನಾನೇ ಕೊಡಬೇಕು ಅಂತ ರೇಡಿಯೋದಲ್ಲೇ ಹೇಳಿದ್ದಾರೆ."

"ನಾನೂ ಕೇಳಿದೆ ಕಣಪ್ಪ. ಸ್ಪಷ್ಟವಾಗಿ ಹೇಳಿದ್ರು. ಒಂದು ತುಂಡು ಮೀನು ತಗೋತೀಯಾ?"

ಜೋಜೊ ಮೀನು ತೆಗೆದುಕೊಳ್ಳಲಿಲ್ಲ. ಸಂದೇಶದ ಕೊನೆಯಲ್ಲಿ ದೂರು ಕೊಡಲೆಂದು ಅಚ್ಚಾಗಿದ್ದ ನಂಬರಿಗೆ, ಅಲ್ಲೇ, ಮಾವ ಕೈತೊಳೆಯುವಷ್ಟರಲ್ಲಿ ಫೋನು ಮಾಡಿದ.

ಅದೇ ವಾರ ತನಿಖೆಗೆ ಒಬ್ಬ ಅಧಿಕಾರಿಣಿ ಬರುವರೆಂದು ಸುದ್ದಿಯಾಯಿತು. ದೂರು ನಿಜವೆಂದಾದರೆ ತಾತ್ಕಾಲಿಕ ಪರವಾನಗಿ ರದ್ದಾಗುತ್ತದೆ, ಮಾವನ ಸುತ್ತಾಟ ಅಲ್ಲಿಗೆ ಮುಗಿಯುತ್ತದೆ, ಇದು ಎಲ್ಲರಿಗೂ ಗೊತ್ತಿತ್ತು. ದೂರು ನಿಜವಲ್ಲವೆನ್ನುವಂತೆಯೂ ಇರಲಿಲ್ಲ. ಇಡೀ ಸಾಲು ನೋಡಿದೆ. "ಕೊಟ್ಟುಬಿಡಿ ಮಾರಾಯರೇ, ಒಂದು ಸಲ ಕೊಟ್ಟುಬಿಟ್ಟರೆ ದೂರು ಬಿದ್ದುಹೋಗುತ್ತದೆ" ಎಂದು ನಾನೇ ಹೇಳಿ ನೋಡಿದೆ. ಅವರು ತಲೆಯಾಡಿಸಿದರು, ಒಪ್ಪಿಯೋ ಒಪ್ಪದೆಯೋ ತಿಳಿಯಲಿಲ್ಲ. ಗುರುವಾರ ಬೆಳಗ್ಗೆ ಬಂದಾಗ ಕೋಟಿನ ಗುಂಡಿಗಳನ್ನು ಒಂದರ ಬದಲು ಇನ್ನೊಂದು ಕಾಜಕ್ಕೆ ಹಾಕಿಕೊಂಡಿದ್ದರು. ಅವರಿಗೆ ಭಯವಾಗಿದೆ ಎಂದು ಅದನ್ನು ನೋಡಿ ತಿಳಿದೆ.

ವಿಚಾರಣೆ ನಡೆದದ್ದು ನನ್ನ ಅಂಗಡಿಯ ಜಗಲಿಯಲ್ಲಿ, ಏಕೆಂದರೆ ಆ ಸಾಲಿನಲ್ಲಿ ನೆರಳೂ ಕುರ್ಚಿಯೂ ಎರಡೂ ಇದ್ದದ್ದು ನನ್ನಲ್ಲಿ ಮಾತ್ರ. ಸೆನಾ ಅಗ್ಬೆಕೊ ಎಂಬ ಆ ಅಧಿಕಾರಿಣಿ ದೇಶದ ಆ ತುದಿಯ ವೋಲ್ಟಾ ಕಡೆಯವರು. ನಮ್ಮ ಮಾತನ್ನು ಸ್ವಲ್ಪ ಎಳೆದೆಳೆದು ಆಡುತ್ತಿದ್ದರು, ಆದರೆ ಕೇಳಿಸಿಕೊಳ್ಳುವುದರಲ್ಲಿ ಎತ್ತಿದ ಕೈ. ಹೆಂಗಸರೆಲ್ಲ ಒಟ್ಟಾಗಿ ಬಾಯಿ ಮಾಡತೊಡಗಿದಾಗ ಆಕೆ ಕೈಯೆತ್ತಿದರು.

"ನಾನು ಯಾರನ್ನೂ ಹಿಡ್ಕೊಂಡು ಹೋಗೋಕೆ ಬಂದಿಲ್ಲ. ಆ ಕಂಪನಿ ಮುಳುಗಿದಾಗ ನಿಮ್ಮಂಥ ಅಮ್ಮಂದಿರೇ ನಮ್ಮ ಬಾಗಿಲಲ್ಲಿ ಕೂತು ಅತ್ರಲ್ಲ, ಅದಕ್ಕೇ ಈ ನಿಯಮ ಬಂದದ್ದು. ಕೇಳಿದ್ರೆ ದುಡ್ಡು ಸಿಗಬೇಕು. ಇದರಲ್ಲಿ ತಪ್ಪೇನಿದೆ?"

ಆಕೆ ಅರಾಬಾಳನ್ನು ಮುಂದೆ ಕರೆದರು.

"ನೀವು ಇವರ ಹತ್ರ ದುಡ್ಡು ಕೇಳಿದ್ರಾ?"

"ಕೇಳಿದೆ ಮೇಡಂ."

"ಕೊಟ್ರಾ?"

"ಇಲ್ಲ. ಕೂತ್ಕೊಂಡು ಕೆಂಕಿ ತಿಂದ್ರು."

ಜೋಜೊ ಗೆದ್ದವನಂತೆ ಸುತ್ತ ನೋಡಿದ. ಮಾವ ನೆಲ ನೋಡುತ್ತಿದ್ದರು. ಅಧಿಕಾರಿಣಿ ಪೆನ್ನು ತೆಗೆದರು, ಬರೆಯುವ ಮುನ್ನ ಏನೋ ಅನುಮಾನ ಬಂದು ತಡೆದರು.

"ನಿಮಗೆ ಆ ದುಡ್ಡು ಬೇಕಾಗಿತ್ತಾ?"

ಅರಾಬಾ ಮೆಲ್ಲಗೆ ಹೇಳಿದಳು. "ಬೇಕಾಗಿರಲಿಲ್ಲ ಮೇಡಂ. ಅದಕ್ಕೇ ಇವರ ಹತ್ರ ಕೇಳಿದ್ದು."

ಜೋಜೊನ ಬಾಯಿ ತೆರೆದೇ ಇತ್ತು.

"ಅಲ್ವೇ, ಬೇಡ ಅಂತಿದ್ರೆ ನನಗೇ ಹೇಳಬಹುದಿತ್ತಲ್ಲ?"

"ಅದು ಫ್ರೀಜರಿಗೆ ಅಂತ ಕೂಡಿಟ್ಟಿದ್ದು. ಹೇಗೆ ಹೇಳ್ಲಿ? ಅಷ್ಟು ಜನರ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆಸ್ಕೊಂಡೆ. ನಾನು ಇಲ್ಲ ಅಂದ್ರೆ ನಿನ್ನ ಮರ್ಯಾದೆ ಹೋಗುತ್ತೆ. ಮಾವ ಇಲ್ಲ ಅಂದ್ರೆ ಮಾವನ ಮರ್ಯಾದೆ ಹೋಗುತ್ತೆ. ಅವರಿಗೆ ಅದು ಅಭ್ಯಾಸ."

ಮೊದಲು ನಕ್ಕವಳು ಎಫುವಾ ಅಮ್ಮ, ಆಮೇಲೆ ಎಲ್ಲರೂ. ನಗು ತಡೆಯಲು ಹೋಗಿ ಅಧಿಕಾರಿಣಿಗೆ ಕೆಮ್ಮು ಬಂತು. ಜೋಜೊ ಮಾತ್ರ ನಗಲಿಲ್ಲ. ತಲೆ ಕೆರೆದುಕೊಂಡು ಒಂದಿಷ್ಟು ಹೊತ್ತು ಹೆಂಡತಿಯ ಹೊಗೆ ಹಿಡಿದ ಕೈಗಳನ್ನು ನೋಡಿದ. "ಫ್ರೀಜರ್ ಅಂತ ಒಂದು ಮಾತು ಹೇಳಿದ್ರೆ ನಾನು ಬೇಡ ಅಂತಿದ್ನೇನೇ" ಎಂದು ಗೊಣಗಿದ. ದೂರು ಹಿಂತೆಗೆದುಕೊಳ್ಳುತ್ತೇನೆಂದು ತಾನಾಗಿಯೇ ಹೇಳಿದ.

ಅಧಿಕಾರಿಣಿ ನಿಯಮದ ಪುಸ್ತಕವನ್ನು ಮೊದಲಿಂದ ತಿರುವಿದರು. ಗಿರಾಕಿ ತಾನೇ ಹೆಬ್ಬೆಟ್ಟು ಒತ್ತಿ, ಕಾಯಿಲೆ ಕಸಾಲೆ ಬಿಟ್ಟು ಬೇರೆ ಯಾವುದಕ್ಕೂ ತಿಂಗಳು ತುಂಬುವ ತನಕ ನನಗೆ ಹಣ ಕೊಡಬೇಡಿ ಎಂದು ಬರೆದುಕೊಟ್ಟರೆ ಅದಕ್ಕೆ ಅವಕಾಶವಿದೆ. ಸಂದೇಶವೂ ಗಿರಾಕಿ ಹೇಳಿದ ಯಾವ ನಂಬರಿಗಾದರೂ ಹೋಗಬಹುದು. ಇದನ್ನು ಕೇಳಿದ್ದೇ ಎಫುವಾ ಅಮ್ಮ ತೀರ್ಪು ಕೊಟ್ಟಳು. "ಹಂಗಾದ್ರೆ ಅರಾಬಾಳದ್ದು ನನ್ನ ಮೊಬೈಲಿಗೆ ಬರ್ಲಿ, ನನ್ನದು ಅವಳ ಮೊಬೈಲಿಗೆ. ಗಂಡಸರಿಗೆ ಹೇಳಬಾರದು ಅಷ್ಟೆ, ನಮ್ಮ ನಮ್ಮೊಳಗೆ ಏನು ಮುಚ್ಚುಮರೆ?" ಆಮೇಲೆ ಇಡೀ ಮಾರುಕಟ್ಟೆ ಇದನ್ನೇ ಹಿಡಿಯಿತು. ಅರಾಬಾಳಿಗೆಂದೇ ಹೊಸ ಮೊಬೈಲನ್ನು ಜೋಜೊನೇ ಕೊಡಿಸಿದ. ಈಗ ಒಂದು ದಿನ ಕಂತು ತಪ್ಪಿದರೆ ಮಾವ ಬೈಯುವ ಮೊದಲು ಪಕ್ಕದ ಅಂಗಡಿಯವಳು "ಯಾಕೇ, ಇವತ್ತು ನಿನ್ನದು ಕೀ ಅನ್ನಲೇ ಇಲ್ಲ?" ಎಂದು ಕೂಗುತ್ತಾಳೆ.

ಅಂದು ಜಗಲಿಯಲ್ಲಿ ಎಲ್ಲ ಮುಗಿಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ ಅಧಿಕಾರಿಣಿ ಇನ್ನೊಂದು ಕಾಗದ ತೆಗೆದರು. "ಎಸುಮಾನ್ ಅವರೇ, ನಿಮ್ಮ ಸ್ವಂತ ಜಾಮೀನು ಹಣ ಇನ್ನೂ ಕಟ್ಟಿಲ್ಲ. ಇವತ್ತೇ ಗಡುವು. ಅದಿಲ್ಲದೆ ನಾನು ಲೈಸೆನ್ಸ್ ಉಳಿಸೋಕೆ ಆಗಲ್ಲ."

ಮಾವ ತಪ್ಪಾಗಿ ಹಾಕಿದ್ದ ಗುಂಡಿಯೊಂದನ್ನು ತಿರುಪತೊಡಗಿದರು. ಹಣ ಇದೆಯೇ ಎಂದರೆ ಇದೆ ಎಂದರು. ಎಲ್ಲಿದೆ ಎಂದರೆ ಪಕ್ಕದ ಸೆಕೊಂಡಿಯಲ್ಲಿ ಎಂದರು. ಯಾವ ಬ್ಯಾಂಕು ಎಂದರೆ, "ಬ್ಯಾಂಕಲ್ಲ ಮೇಡಂ, ಮಾನ್ಸಾ ಅಜ್ಜಿ" ಎಂದರು.

ಇಷ್ಟು ವರ್ಷ ಅವರ ಕೋಟಿಗೆ ಗುಂಡಿ ಕೊಟ್ಟ ನನಗೂ ಇದು ಗೊತ್ತಿರಲಿಲ್ಲ. ಜೋಜೊ ತನ್ನ ಟ್ಯಾಕ್ಸಿಯಲ್ಲೇ ನಮ್ಮನ್ನೆಲ್ಲ ತುಂಬಿಸಿಕೊಂಡು ಹೊರಟ, ಬಾಡಿಗೆ ಬೇಡವೆಂದ. ಸೆಕೊಂಡಿಯ ಹಳೆಯ ರೈಲ್ವೆ ವಸತಿಯ ಹಿಂದೆ, ಬೇವಿನ ಮರದ ಕೆಳಗೆ, ಒಂದು ಮೊಳದೆತ್ತರದ ಮಣೆಯ ಮೇಲೆ ಮಾನ್ಸಾ ಅಜ್ಜಿ ಕುಳಿತಿದ್ದಳು. ಒಣಗಿದ ಮೆಣಸಿನಕಾಯಿಯಂಥ ಸಣ್ಣ ಮೈ, ಆದರೆ ನೋಟ ತಾಗಿದರೆ ಉರಿಯುತ್ತಿತ್ತು. ಆ ಬೀದಿಯ ಸುಸು ಆಕೆಯದು. ಮಾವ ತಮ್ಮ ಕೂಲಿಯ ಕಂತನ್ನು ಸಂಜೆ ಸಂಜೆ ತಂದು ಹಾಕುತ್ತಿದ್ದದ್ದು ಆಕೆಯ ಕೈಗೆ. ಅವರು ಹೋಗಿ ಮುಂದೆ ನಿಂತು, ಮಾರುಕಟ್ಟೆಯ ಹೆಂಗಸರು ತಮ್ಮ ಮುಂದೆ ಹೇಗೆ ನಿಲ್ಲುತ್ತಾರೋ ಹಾಗೆಯೇ ಕೈ ಹಿಸುಕಿಕೊಳ್ಳುತ್ತ, ವಿಷಯ ಹೇಳಿದರು.

"ಕಾಯಿಲೆಯೇನೋ?" ಎಂದಳು ಅಜ್ಜಿ.

"ಇಲ್ಲಜ್ಜಿ. ಲೈಸೆನ್ಸಿಗೆ."

"ತಿಂಗಳು ತುಂಬಲಿ."

ಅಧಿಕಾರಿಣಿ ಮುಂದೆ ಬಂದು ಕೊರಳಿನ ಗುರುತಿನ ಚೀಟಿ ತೋರಿಸಿದರು. "ಅಜ್ಜಿ, ಇದು ಸರ್ಕಾರದ ಕೆಲಸ. ಇವತ್ತೇ ಕಟ್ಟಬೇಕು."

"ಸರ್ಕಾರಕ್ಕೂ ತಿಂಗಳು ಅನ್ನೋದು ಇದೆಯಲ್ಲಮ್ಮಾ. ತುಂಬಲಿ, ಕೊಡ್ತೀನಿ."

"ನಿಮಗೆ ಲೈಸೆನ್ಸ್ ಇದೆಯಾ?"

ಅಜ್ಜಿ ಸೊಂಟದ ಬಟ್ಟೆಯ ಮಡಿಕೆಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕಾಗದ ಬಿಚ್ಚಿ ಕೊಟ್ಟಳು. "ನಿಮ್ಮ ಆಫೀಸಿನ ಬಾಗಿಲು ತೆಗೆಯೋ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಓದೋಕೂ ಬಿಡದೆ ಇವನ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದೀನಿ ನೋಡು, ತಿಂಗಳು ತುಂಬೋ ತನಕ ಕೊಡಬೇಡ ಅಂತ. ಇವನ ಕೈಗೆ ಈಗ ಕೊಟ್ರೆ ಟಕೊರಾಡಿ ತಲುಪೋದ್ರೊಳಗೆ ಯಾರಿಗಾದ್ರೂ ಹಂಚಿಬಿಡ್ತಾನೆ. ಇವನಿಗೆ ಇಲ್ಲ ಅನ್ನೋಕೇ ಬರಲ್ಲ ತಾಯಿ."

ನಾನು ಮಾವನನ್ನು ನೋಡಿದೆ. ನಾಚಿ ಕೆಂಪಾಗಿದ್ದರು, ಅಥವಾ ಅಷ್ಟು ಕಪ್ಪು ಮುಖ ಎಷ್ಟು ಕೆಂಪಾಗಬಹುದೋ ಅಷ್ಟು. ಯೋಚಿಸಿದರೆ ಅಜ್ಜಿಯ ಮಾತು ನಿಜ. ಇನ್ನೊಬ್ಬರ ಹಣದ ಮೇಲೆ ಕಲ್ಲಿನಂತೆ ಕೂರುವ ಈ ಮನುಷ್ಯ ತನ್ನ ಹಣವೆಂದರೆ ಕೈಚಾಚಿದವರಿಗೆಲ್ಲ ಕೊಟ್ಟು ಬರುವವರು. ಆಸ್ಪತ್ರೆಯ ಟ್ಯಾಕ್ಸಿಯ ಬಾಡಿಗೆಯನ್ನು ಅವರು ಯಾರ ಗಂಟಿನಿಂದಲೂ ಮುರಿದುಕೊಂಡದ್ದಿಲ್ಲವೆಂದು ನನಗೆ ಆಗ ನೆನಪಾಯಿತು. ಸೆನಾ ಅಗ್ಬೆಕೊ ಟ್ಯಾಕ್ಸಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ತಿಂಗಳ ಕೊನೆಯತನಕ ಗಡುವು ಬರೆದರು. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ನನ್ನನ್ನೇ ಕೇಳಿದರು. ಕಡೆಗೆ ಬರೆದದ್ದು ಇಷ್ಟು: ಹಣ ಭದ್ರವಾಗಿದೆ, ಇಟ್ಟುಕೊಂಡವರು ಬಿಡುತ್ತಿಲ್ಲ.

ತಿಂಗಳು ತುಂಬಿದ ದಿನ ಅಜ್ಜಿ ತಾನೇ ಜನ ತುಂಬಿಕೊಂಡು ಓಡುವ ಟ್ರೋಟ್ರೋ ವ್ಯಾನು ಹತ್ತಿ ಬಂದು, ಹಣವನ್ನು ಮಾವನ ಕೈಗೂ ತಾಗಿಸದೆ ಕಚೇರಿಯ ಕಿಂಡಿಯೊಳಗೆ ತಳ್ಳಿದಳು. ಮಾವನ ಪರವಾನಗಿ ಗಟ್ಟಿಯಾಯಿತು. ಅರಾಬಾಳ ಫ್ರೀಜರ್ ಬಂತು. ಅದನ್ನು ಟ್ಯಾಕ್ಸಿಯ ತಲೆಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಹಾರನ್ ಬಾರಿಸುತ್ತ ತಂದವನು ಜೋಜೊ.

ಅವನ ದೊಡ್ಡ ಮಾವನ ಸಮಾಧಿ ನಡೆದದ್ದು ಆ ಶನಿವಾರ. ವಾದ್ಯಗೋಷ್ಠಿಯ ಬದಲು ಒಂದು ತುತ್ತೂರಿ, ಎರಡು ಡೋಲು ಬಂದಿದ್ದವು. ಜೋಜೊ ಮನೆತನದವರಿಗೆ ಏನು ಹೇಳಿರಬಹುದೆಂದು ನಾವು ಒಳಗೆ ಕಾಲಿಟ್ಟ ಕೂಡಲೇ ತಿಳಿಯಿತು. ಹಿರಿಯನೊಬ್ಬ ಮಾವನ ಕೈ ಕುಲುಕದೆ, "ಬನ್ನಿ ಬನ್ನಿ, ಸತ್ತವನ ಬ್ಯಾಂಡಿಗೂ ದುಡ್ಡು ಬಿಚ್ಚದವರು ಬಂದ್ರು, ಜಾಗ ಬಿಡಿ" ಎಂದು ನಾಲ್ಕು ಜನ ಕೇಳುವಂತೆ ಹೇಳಿದ. ಜೋಜೊ ತಲೆ ತಗ್ಗಿಸಿದ. ಅಡುಗೆಯ ಕಡೆಯಿಂದ ಬರುತ್ತಿದ್ದ ಅರಾಬಾ ಅದನ್ನು ಕೇಳಿ, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ನಿಜ ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದಳು. ಮಾವ ಅವಳತ್ತ ನೋಡಿ ಸುಮ್ಮನಿರೆಂದು ಕಣ್ಣಲ್ಲೇ ಹೇಳಿದರು. ಹೋಗಿ ಕೊನೆಯ ಸಾಲಿನಲ್ಲಿ, ಎಡಕ್ಕೆ ಯಾರೂ ಇಲ್ಲದ ಕುರ್ಚಿಯಲ್ಲಿ ಕುಳಿತರು. ಕಾಣಿಕೆಯ ಡಬ್ಬಿ ಬಂದಾಗ ತಮ್ಮ ಜೇಬಿನಲ್ಲಿದ್ದುದನ್ನೆಲ್ಲ ಅದಕ್ಕೆ ಹಾಕಿ, ಹೆಸರು ಕೂಗುವುದು ಬೇಡವೆಂದರು. ಮರಳುವಾಗ ಬಸ್ಸಿನ ದುಡ್ಡು ನಾನು ಕೊಟ್ಟೆ.

ಬಡ್ಡಿದರ ಮತ್ತೆ ಇಳಿಯಬಹುದು, ನೋಟಿನ ಮೇಲೆ ಸೊನ್ನೆಗಳು ಮತ್ತೆ ಬೆಳೆಯಬಹುದು, ಕೊರಳಿನ ಯಂತ್ರ ಹೋಗಿ ಅಂಗೈಯಗಲದ ಮತ್ತೊಂದು ಬರಬಹುದು. ಹಣವನ್ನು ಕಾಯಲು, ಎಣಿಸಲು, ಒಂದೆಡೆಯಿಂದ ಇನ್ನೊಂದೆಡೆಗೆ ಕ್ಷಣದಲ್ಲಿ ದಾಟಿಸಲು ಲೋಕದಲ್ಲಿ ಇನ್ನು ಮನುಷ್ಯರು ಬೇಕಾಗದೇ ಹೋಗಬಹುದು. ಆದರೆ ನಾವು ಪ್ರೀತಿಸುವವರಿಗೆ ಇಲ್ಲವೆನ್ನುವ ಧೈರ್ಯ ನಮಗೆ ಯಾವ ಕಾಲಕ್ಕೂ ಸಾಲುವುದಿಲ್ಲ. ಆ ಇಲ್ಲವನ್ನು ನಮ್ಮ ಪರವಾಗಿ ಆಡಿ, ಅದರ ಕೆಟ್ಟ ಹೆಸರನ್ನು ತಾವು ಹೊತ್ತು, ನಮ್ಮ ಸಂಸಾರಗಳನ್ನು ನಗುನಗುತ್ತ ಇರಲು ಬಿಟ್ಟು ಹೋಗುವ ಕೆಲವರು ಊರಿಗೊಬ್ಬರಂತೆ ಇರುತ್ತಾರೆ. ಅವರನ್ನು ನಾವು ಜಿಪುಣರೆನ್ನುತ್ತೇವೆ, ಮೊಂಡರೆನ್ನುತ್ತೇವೆ, ಬೆನ್ನ ಹಿಂದೆ ಅಣಕಿಸುತ್ತೇವೆ, ಮರುದಿನ ಬೆಳಗ್ಗೆ ಅವರು ಬರುವ ದಾರಿಯನ್ನೇ ಕಾಯುತ್ತೇವೆ.